ಮನೆಯಲ್ಲಿ ಮರಣ, ಕೆಲಸದಲ್ಲಿ ಬದಲಾವಣೆ: ದೇಹ ಎರಡನ್ನೂ ಲೆಕ್ಕ ಹಾಕುತ್ತದೆ

ಕ್ಲಿನಿಕ್‌ಗೆ ‘ಗ್ಯಾಸ್’ ಎಂದು ಹೇಳಿಕೊಂಡು ಬರುವವರೇ ಹೆಚ್ಚು. ಹೊಟ್ಟೆ ಉಬ್ಬರ, ಎದೆಯುರಿ, ತಲೆಭಾರ, ನಿದ್ದೆ ಇಲ್ಲದಿರುವುದು, ಎಲ್ಲಕ್ಕೂ ನಮ್ಮ ಕರಾವಳಿಯಲ್ಲಿ ಅದೊಂದೇ ಹೆಸರು. ಕಳೆದ ಮಳೆಗಾಲದಲ್ಲಿ ಬಂಟ್ವಾಳ ಕಡೆಯ ಒಬ್ಬರನ್ನು ಅವರ ಹೆಂಡತಿ ಕರೆದುಕೊಂಡು ಬಂದರು. ವಯಸ್ಸು 52. ಎಂಟು ಕಿಲೋ ಇಳಿದಿದ್ದಾರೆ, ಊಟ ಸೇರುವುದಿಲ್ಲ, ರಾತ್ರಿ ಎರಡು ಗಂಟೆಯವರೆಗೂ ಎಚ್ಚರ. ಎಂಡೋಸ್ಕೋಪಿ ಆಗಿದೆ, ಸ್ಕ್ಯಾನಿಂಗ್ ಆಗಿದೆ, ಏನೂ ಸಿಕ್ಕಿಲ್ಲ. “ಯುನಾನಿಯಲ್ಲಿ ಗ್ಯಾಸಿಗೆ ಒಳ್ಳೆಯ ಮದ್ದು ಇದೆಯಂತೆ ಡಾಕ್ಟ್ರೇ” ಎಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನಾಡಿ ಹಿಡಿದು, ನಾಲಗೆ ನೋಡಿ, ರಕ್ತದೊತ್ತಡ ಅಳೆದೆ. 170/104 ಇತ್ತು. “ಬಿಪಿ ಮಾತ್ರೆ ಉಂಟಾ?” ಎಂದು ಕೇಳಿದಾಗ ಕಥೆ ಹೊರಗೆ ಬಂತು. 21 ವರ್ಷ ಸೌದಿಯ ದಮ್ಮಾಮ್‌ನಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಹಿಂದಿನ ವರ್ಷ ಉಮ್ಮ ತೀರಿಕೊಂಡರು. ಟಿಕೆಟ್ ಮಾಡಿ ಊರು ಮುಟ್ಟುವಷ್ಟರಲ್ಲಿ ದಫನ್ ಮುಗಿದಿರುತ್ತದೆ ಎಂದು ಹೊರಡಲೇ ಇಲ್ಲ. ಮಯ್ಯತ್ತಿನ ಮುಖವನ್ನು ಮೊಬೈಲಿನಲ್ಲಿ ನೋಡಿದರು. ಎರಡು ದಿನ ರೂಮಿನಲ್ಲಿ ಕುಳಿತು ಮೂರನೇ ದಿನ ಡ್ಯೂಟಿಗೆ ಹೋದರು. ಐದು ತಿಂಗಳ ನಂತರ ಕಂಪನಿ ಆ ವಿಭಾಗವನ್ನೇ ಮುಚ್ಚಿ ಫೈನಲ್ ಎಕ್ಸಿಟ್ ಕೊಟ್ಟಿತು. ಅಲ್ಲಿ ಇನ್ಶೂರೆನ್ಸ್ ಕಾರ್ಡ್ ತೋರಿಸಿ ಬಿಪಿ ಮಾತ್ರೆ ತರುತ್ತಿದ್ದರು. ತಂದ ಸ್ಟ್ರಿಪ್ ಇಲ್ಲಿ ಮುಗಿದ ಮೇಲೆ ಮತ್ತೆ ಕೊಂಡಿಲ್ಲ. “ಈಗ ಟೆನ್ಶನ್ ಇಲ್ಲವಲ್ಲ, ಮನೆಯಲ್ಲೇ ಇದ್ದೇನೆ, ಬಿಪಿ ಯಾಕೆ ಬರುತ್ತದೆ?” ಎಂಬುದು ಅವರ ಲೆಕ್ಕ.

ಅವರ ಹೊಟ್ಟೆಯಲ್ಲಿ ರೋಗವಿರಲಿಲ್ಲ. ಮಾತನಾಡುತ್ತಾ ಹೋದಂತೆ ಇನ್ನೊಂದು ತಿಳಿಯಿತು. ಉಮ್ಮನ ವಿಷಯದಲ್ಲಿ ಎಲ್ಲರೂ ಅವರಿಗೆ ಸಮಾಧಾನ ಹೇಳಿದ್ದರು. ಕೆಲಸ ಹೋದ ವಿಷಯದಲ್ಲಿ ಒಬ್ಬರೂ ಹೇಳಿರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: “ಇನ್ನು ಮುಂದೇನು? ವಾಪಸ್ ಯಾವಾಗ?”

ಕುಟುಂಬದಲ್ಲೊಂದು ಮರಣ ಮತ್ತು ದುಡಿಮೆಯಲ್ಲೊಂದು ಬದಲಾವಣೆ ಹತ್ತಿರ ಹತ್ತಿರ ಬರುವುದು ಅಪರೂಪವೇನಲ್ಲ. ತಂದೆ ತೀರಿಕೊಂಡರೆ ಮಗ ಓದು ಬಿಟ್ಟು ಅಂಗಡಿಗೆ ಕೂರುತ್ತಾನೆ. ಗಂಡ ತೀರಿಕೊಂಡರೆ ಅಲ್ಲಿಯವರೆಗೆ ಮನೆಯೊಳಗಿದ್ದ ಹೆಣ್ಣುಮಗಳು ಶಾಲೆಗೋ ಟೈಲರಿಂಗಿಗೋ ಹೊರಡುತ್ತಾಳೆ. ಹೆಂಡತಿ ತೀರಿಕೊಂಡರೆ ಮಕ್ಕಳಿಗಾಗಿ ಗಲ್ಫ್ ಬಿಟ್ಟು ಬರುತ್ತಾರೆ. ಮೊದಲನೆಯದನ್ನು ನಾವು ದುಃಖ ಎನ್ನುತ್ತೇವೆ, ಎರಡನೆಯದನ್ನು ‘ವ್ಯವಸ್ಥೆ’ ಎನ್ನುತ್ತೇವೆ. ದೇಹ ಹಾಗೆ ಬೇರೆ ಮಾಡುವುದಿಲ್ಲ.

1967ರಲ್ಲಿ ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಜೀವನದ 43 ಘಟನೆಗಳ ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೊಟ್ಟರು. ಬಾಳಸಂಗಾತಿಯ ಮರಣಕ್ಕೆ 100. ಹತ್ತಿರದ ಕುಟುಂಬದವರ ಮರಣಕ್ಕೆ 63. ಕೆಲಸದಿಂದ ತೆಗೆದುಹಾಕಿದರೆ 47, ನಿವೃತ್ತಿಗೆ 45, ಬೇರೆ ತರಹದ ಕೆಲಸಕ್ಕೆ ಸೇರಿದರೆ 36. ಕೆಲಸದಲ್ಲಿ ಜವಾಬ್ದಾರಿ ಬದಲಾದರೂ 29 ಅಂಕವಿದೆ, ಅದು ಬಡ್ತಿಯೇ ಆಗಿರಲಿ. ಒಂದು ವರ್ಷದ ಅಂಕ ಕೂಡಿಸಿ 150 ದಾಟಿದರೆ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು, 300 ದಾಟಿದರೆ ಬಹಳ ಹೆಚ್ಚು ಎಂಬುದು ಅವರ ಎಣಿಕೆ. ಅಂಕಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ, ಅಮೆರಿಕದ ಮನೆಯೂ ನಮ್ಮ ಮನೆಯೂ ಒಂದೇ ಅಲ್ಲ. ಆದರೂ ಬಂಟ್ವಾಳದವರ ಲೆಕ್ಕ ಹಾಕಿ ನೋಡಿದೆ. ತಾಯಿಯ ಮರಣ 63, ಕೆಲಸ ಹೋದದ್ದು 47, ಆದಾಯದ ಬದಲಾವಣೆ 38, ವಾಸದ ಸ್ಥಿತಿಯ ಬದಲಾವಣೆ 25. ಒಟ್ಟು 173. ಕಾಗದದಲ್ಲಿ ಬರೆದು ತೋರಿಸಿದಾಗ ಅವರು ತುಂಬ ಹೊತ್ತು ಅದನ್ನೇ ನೋಡುತ್ತಾ ಕುಳಿತರು.

ನಮ್ಮ ಹಕೀಮರು ಇದನ್ನು ಬೇರೆ ಭಾಷೆಯಲ್ಲಿ ಹೇಳಿದ್ದರು. ಯುನಾನಿಯಲ್ಲಿ ಆರೋಗ್ಯ ನಿಂತಿರುವುದು ಆರು ಅನಿವಾರ್ಯ ಸಂಗತಿಗಳ ಮೇಲೆ, ‘ಅಸ್ಬಾಬೆ ಸಿತ್ತಾ ಝರೂರಿಯಾ’. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆ. ಮನಸ್ಸನ್ನು ಊಟ, ನಿದ್ದೆಗಳ ಸಾಲಿನಲ್ಲೇ ಇಟ್ಟಿದ್ದಾರೆ ನೋಡಿ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಭಾವನೆಗಳು ರೂಹನ್ನು ಹೇಗೆ ಚಲಿಸುತ್ತವೆ ಎಂದು ವಿವರಿಸುತ್ತಾರೆ. (ಇಲ್ಲಿ ರೂಹ್ ಎಂದರೆ ಧಾರ್ಮಿಕ ಅರ್ಥದ ಆತ್ಮವಲ್ಲ, ರಕ್ತದ ಜೊತೆ ಅಂಗಾಂಗಗಳಿಗೆ ತಲುಪುವ ಸೂಕ್ಷ್ಮ ಚೈತನ್ಯ.) ಕೋಪದಲ್ಲಿ ಅದು ಒಮ್ಮೆಗೇ ಹೊರಕ್ಕೆ ನುಗ್ಗುತ್ತದೆ, ಮುಖ ಕೆಂಪಾಗುತ್ತದೆ. ಭಯದಲ್ಲಿ ಒಮ್ಮೆಗೇ ಒಳಕ್ಕೆ ಸರಿಯುತ್ತದೆ. ದುಃಖದಲ್ಲೂ ಒಳಕ್ಕೇ ಸರಿಯುತ್ತದೆ, ಆದರೆ ನಿಧಾನವಾಗಿ. ಆ ‘ನಿಧಾನವಾಗಿ’ ಎಂಬ ಮಾತು ನನಗೆ ಕಾಲೇಜಿನಲ್ಲಿ ಪರೀಕ್ಷೆಗೆ ಉರು ಹೊಡೆದ ಒಂದು ಸಾಲಾಗಿತ್ತು. ರೋಗಿಗಳನ್ನು ನೋಡತೊಡಗಿದ ಮೇಲೆ ಅರ್ಥವಾಯಿತು. ಮರಣದ ದಿನ ಗಟ್ಟಿಯಾಗಿ ನಿಂತವರು ಐದಾರು ತಿಂಗಳ ಬಳಿಕ, ಬೇರೆ ಯಾವುದೋ ಚಿಕ್ಕ ಪೆಟ್ಟಿಗೆ ಕುಸಿಯುತ್ತಾರೆ. ಕೈಕಾಲು ತಣ್ಣಗೆ, ಹಸಿವಿಲ್ಲ, ಮಲಬದ್ಧತೆ. ಇಂದಿನ ವೈದ್ಯಶಾಸ್ತ್ರ ಒತ್ತಡದ ಹಾರ್ಮೋನು, ನರಮಂಡಲ ಎಂದು ಹೇಳುತ್ತದೆ. ನೋಡಿದ ರೋಗಿ ಒಬ್ಬನೇ.

ಇಬ್ನ್ ಸೀನಾರಿಗಿಂತ ಮೊದಲೇ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಗ್ರಂಥ ಬರೆದಿದ್ದರು. ಅದರಲ್ಲಿ ದುಃಖವನ್ನು ಎರಡಾಗಿ ವಿಂಗಡಿಸುತ್ತಾರೆ. ಕಾರಣ ತಿಳಿದಿರುವ ದುಃಖ ಒಂದು. ಪ್ರೀತಿಪಾತ್ರರೋ ಸೊತ್ತೋ ಕೈತಪ್ಪಿದಾಗ ಬರುವುದು. ಕಾರಣ ತಿಳಿಯದ ದುಃಖ ಇನ್ನೊಂದು. ಅದರ ಮೂಲ ದೇಹದಲ್ಲಿದೆ, ಅದಕ್ಕೆ ಚಿಕಿತ್ಸೆ ಬೇಕು. ಸಾವಿರ ವರ್ಷದ ಹಿಂದಿನ ಈ ವಿಂಗಡಣೆ ಇಂದಿಗೂ ಕೆಲಸಕ್ಕೆ ಬರುತ್ತದೆ. ನನ್ನ ಅನುಭವದಲ್ಲಿ, ಎರಡು ನಷ್ಟ ಒಟ್ಟಿಗೆ ಬಂದಾಗ ಮೊದಲ ಬಗೆಯ ದುಃಖ ಮೆಲ್ಲಗೆ ಎರಡನೆಯದಾಗಿ ಬದಲಾಗುವ ಅಪಾಯ ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆ. ಹತ್ತಿರದವರು ತೀರಿಕೊಂಡ ಮೊದಲ ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಏರುತ್ತದೆ, ಈಗಾಗಲೇ ಬಿಪಿ, ಸಕ್ಕರೆ ಕಾಯಿಲೆ ಇರುವವರಲ್ಲಿ ವಿಶೇಷವಾಗಿ. 1990ರಲ್ಲಿ ಜಪಾನಿನ ವೈದ್ಯರು ‘ತಕೋತ್ಸುಬೊ’ ಎಂಬ ಇನ್ನೊಂದು ಸ್ಥಿತಿಯನ್ನು ವಿವರಿಸಿದರು. ತೀವ್ರ ದುಃಖದ ಆಘಾತಕ್ಕೆ ಹೃದಯದ ಎಡ ಕೋಣೆ ಉಬ್ಬಿ, ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರಕ್ಕೆ ಬರುತ್ತದೆ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಆರಂಭದ ದಿನಗಳು ಅಪಾಯದವು. ಮಯ್ಯತ್ತಿನ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ, ಬೆವರಿದರೆ, ಉಸಿರು ಕಟ್ಟಿದರೆ “ದುಃಖಕ್ಕೆ ಹಾಗಾಗುತ್ತದೆ” ಎಂದು ನೀರು ಕುಡಿಸಿ ಮಲಗಿಸಬೇಡಿ. ಇಸಿಜಿ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ, ಅದು ಖಮೀರಾ ಚಪ್ಪರಿಸುವ ಹೊತ್ತಲ್ಲ.

ಮರಣಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಸಾಂತ್ವನ ಹೇಳಲು ಬರುತ್ತಾರೆ, ದುಆ ಮಾಡುತ್ತಾರೆ. ಶೋಕಕ್ಕೆ ಮೂರು ದಿನ, ವಿಧವೆಗೆ ನಾಲ್ಕು ತಿಂಗಳು ಹತ್ತು ದಿನ ಎಂದು ಅವಧಿಯಿದೆ. ಜಾಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕೊಡುವಂತೆ ಪ್ರವಾದಿ(ಸ) ಹೇಳಿದ್ದು ನಮಗೆಲ್ಲ ಗೊತ್ತು. ಆದರೆ ಹಲವು ಊರುಗಳಲ್ಲಿ ನಡೆಯುವುದು ತಿರುಗಾಮುರುಗಾ. ದುಃಖದ ಮನೆಯವರೇ ಬಂದವರಿಗೆ ಬಿರಿಯಾನಿ ಬೇಯಿಸುತ್ತಾ ನಿಲ್ಲುತ್ತಾರೆ. ಆ ಮನೆಯ ಸಕ್ಕರೆ ಕಾಯಿಲೆಯ ಹಿರಿಯರು ಇನ್ಸುಲಿನ್ ತೆಗೆದುಕೊಂಡಿದ್ದಾರೋ ಇಲ್ಲವೋ ಕೇಳುವವರಿಲ್ಲ. ನೆರೆಯವರು ಆ ಒಂದು ಪ್ರಶ್ನೆ ಕೇಳಿದರೂ ಸಾಕು.

ಕೆಲಸ ಹೋದದ್ದಕ್ಕೆ ಇಂಥ ಯಾವ ಕ್ರಮವೂ ಇಲ್ಲ. ಅದು ನಾಚಿಕೆಯ ವಿಷಯ, ಮುಚ್ಚಿಡಬೇಕಾದದ್ದು. ಪ್ರವಾದಿ(ಸ)ರ ಜೀವನದಲ್ಲಿ ಖದೀಜಾ(ರ) ಮತ್ತು ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ಸೀರಾ ಗ್ರಂಥಗಳು ‘ಆಮುಲ್ ಹುಝ್ನ್’, ದುಃಖದ ವರ್ಷ ಎನ್ನುತ್ತವೆ. ಒಂದು ಮನೆಯೊಳಗಿನ ನಷ್ಟ. ಇನ್ನೊಂದರ ಜೊತೆ ಮಕ್ಕಾದಲ್ಲಿದ್ದ ರಕ್ಷಣೆಯೂ ಹೋಯಿತು. ಆ ವರ್ಷಕ್ಕೆ ಹೆಸರಿಟ್ಟವರು ಎರಡನ್ನೂ ಸೇರಿಸಿಯೇ ದುಃಖ ಎಂದರು. ಅಳುವುದು ಈಮಾನಿನ ಕೊರತೆ ಎನ್ನುವವರು ಮಗು ಇಬ್ರಾಹೀಮ್‌ನ ಮರಣದಲ್ಲಿ ಪ್ರವಾದಿ(ಸ)ರ ಕಣ್ಣು ತುಂಬಿದ್ದನ್ನು ನೆನೆಯಲಿ. ಯೂಸುಫ್(ಅ)ಗಾಗಿ ದುಃಖಿಸಿ ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದವೆಂದು ಕುರ್‌ಆನ್ ಹೇಳುತ್ತದೆ. ಅವರ ಸಬ್ರ್ ಕಡಿಮೆಯೆಂದು ಯಾರೂ ಹೇಳಲಾರರು.

ಇನ್ನೊಬ್ಬ ತಾಯಿಯ ವಿಷಯ ಹೇಳಬೇಕು. ಗಂಡ ಅಪಘಾತದಲ್ಲಿ ತೀರಿಕೊಂಡಾಗ ಆಕೆಗೆ 34. ಇದ್ದತ್ ಮುಗಿದ ಮರುವಾರವೇ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಸೇರಿದರು. ಬಿಎಡ್ ಆಗಿತ್ತು, ಪಾಠ ಮಾಡಿ ಗೊತ್ತಿರಲಿಲ್ಲ. ನನ್ನ ಬಳಿ ಬಂದದ್ದು ತಲೆನೋವಿಗೆ. ಅದು ಶುರುವಾಗುತ್ತಿದ್ದುದು ಸಂಜೆ ನಾಲ್ಕರ ಸುಮಾರಿಗೆ, ಕೊನೆಯ ಪೀರಿಯಡ್‌ನಲ್ಲಿ. ಗಂಡ ದಿನಾ ಫೋನ್ ಮಾಡುತ್ತಿದ್ದ ಹೊತ್ತು ಅದು. ಇದ್ದತ್‌ನಲ್ಲಿ ಥೈರಾಯ್ಡ್ ಮಾತ್ರೆ ಮುಗಿದಿತ್ತು, ಹೊರಗೆ ಹೋಗಬಾರದೆಂದು ಯಾರೋ ಹೇಳಿದ್ದರಿಂದ ಡಾಕ್ಟರರ ಬಳಿ ಹೋಗಿರಲಿಲ್ಲ. ಅಗತ್ಯದ ಚಿಕಿತ್ಸೆಗೆ ಇದ್ದತ್ ಅಡ್ಡಿಯಲ್ಲವೆಂದು ಉಲಮಾಗಳು ಹೇಳುತ್ತಾರೆ. ಸಂದೇಹವಿದ್ದರೆ ನಿಮ್ಮ ಮೊಹಲ್ಲಾದ ಖತೀಬರನ್ನು ಕೇಳಿ, ಆದರೆ ಮಾತ್ರೆ ನಿಲ್ಲಿಸಬೇಡಿ. ಆಕೆಗೆ ಹೆಚ್ಚು ಉಪಕಾರವಾದದ್ದು ನನ್ನ ಮದ್ದಿನಿಂದಲ್ಲ. ಮುಖ್ಯೋಪಾಧ್ಯಾಯಿನಿಯವರಲ್ಲಿ ಒಂದು ಮಾತು ಹೇಳಿ ಎಂದಿದ್ದೆ. ಅವರು ಕೊನೆಯ ಪೀರಿಯಡ್ ಬದಲಿಸಿ, ಆ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ನೋಟ್ಸ್ ತಿದ್ದುವ ಕೆಲಸ ಕೊಟ್ಟರು. ಮೂರು ತಿಂಗಳ ನಂತರ ಆಕೆಯೇ ಹೋಗಿ “ಇನ್ನು ಪರವಾಗಿಲ್ಲ ಮೇಡಂ” ಎಂದರಂತೆ.

ಇಂಥದ್ದನ್ನು ಕೇಳಲು ಹಿಂಜರಿಕೆ ಬೇಡ. ಸೌದಿಯ ಕಾರ್ಮಿಕ ಕಾನೂನಿನಲ್ಲಿ ಸಂಗಾತಿ, ತಂದೆತಾಯಿ, ಮಕ್ಕಳು ತೀರಿಕೊಂಡರೆ ಸಂಬಳ ಸಹಿತ ಐದು ದಿನ ರಜೆಯಿದೆ. ಉದ್ಯೋಗದಲ್ಲಿರುವ ಮುಸ್ಲಿಂ ವಿಧವೆಗೆ ಇದ್ದತ್‌ನ ಪೂರ್ಣ ಅವಧಿಗೆ ಸಂಬಳದ ರಜೆಯಿದೆ. ಯುಎಇಯಲ್ಲಿ ಸಂಗಾತಿಗೆ ಐದು ದಿನ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರಿಗೆ ಮೂರು ದಿನ. ಅಲ್ಲಿರುವ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ನಮ್ಮ ಊರಿನ ಅಂಗಡಿ, ಶಾಲೆ, ಕಾರ್ಖಾನೆಗಳಲ್ಲಿ ಅದು ಮಾಲೀಕರ ಮನಸ್ಸು. ಈ ಪತ್ರಿಕೆ ಓದುವವರಲ್ಲಿ ಮಾಲೀಕರೂ ಇದ್ದೀರಿ.

ದುಃಖದಲ್ಲಿರುವವರ ಗಮನ ತಪ್ಪುತ್ತದೆ. ಇದು ಸೋಮಾರಿತನವಲ್ಲ. ನನ್ನ ತಂದೆ ತೀರಿಕೊಂಡ ವರ್ಷವೇ ನಾನು ಕೆಲಸಕ್ಕಿದ್ದ ಆಸ್ಪತ್ರೆ ಯುನಾನಿ ವಿಭಾಗವನ್ನು ನಿಲ್ಲಿಸಿತು. ಒಂದು ತಿಂಗಳ ನೋಟೀಸು, ಅಷ್ಟೇ. ಸ್ವಂತ ಕ್ಲಿನಿಕ್ ತೆರೆದ ಹೊಸತರಲ್ಲಿ ರಾತ್ರಿ ತೆಗೆದುಕೊಳ್ಳುವ ಮದ್ದನ್ನು ಬೆಳಿಗ್ಗೆ ಎಂದು ಎರಡು ಸಲ ಬರೆದಿದ್ದೆ. ಕಾಂಪೌಂಡರ್ ಹಿಡಿದು ತಿದ್ದಿಸಿದ. ಆಮೇಲೆ ಆರು ತಿಂಗಳು ಪ್ರತಿ ಚೀಟಿಯನ್ನೂ ಅವನಿಂದ ಗಟ್ಟಿಯಾಗಿ ಓದಿಸಿಯೇ ಕೊಡುತ್ತಿದ್ದೆ. ಲಾರಿ ಓಡಿಸುವವರು, ಮೆಷಿನ್ ಮೇಲೆ ನಿಲ್ಲುವವರು, ಕ್ಯಾಶ್ ಎಣಿಸುವವರು ಮೊದಲ ಕೆಲವು ವಾರ ಯಾರಾದರೊಬ್ಬರಿಂದ ಮರುಪರಿಶೀಲನೆ ಮಾಡಿಸಿಕೊಳ್ಳಿ.

ಇನ್ನು ದಿನಚರಿ. ಫಜ್ರ್‌ಗೆ ಏಳುವ ಹೊತ್ತನ್ನು ಬಿಗಿಯಾಗಿ ಹಿಡಿದುಕೊಳ್ಳಿ, ರಾತ್ರಿ ನಿದ್ದೆ ಬರಲಿ ಬಾರದಿರಲಿ. ಎದ್ದ ಮೇಲೆ ಮತ್ತೆ ಮುಸುಕು ಹಾಕಿಕೊಳ್ಳದೆ ಅರ್ಧ ಗಂಟೆ ಬೆಳಕಿನಲ್ಲಿ ನಡೆಯಿರಿ. ಗಲ್ಫ್‌ನಿಂದ ಬಂದವರಿಗೆ ಇದು ಇನ್ನೂ ಮುಖ್ಯ. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ರಾತ್ರಿಯಿಡೀ ಅಲ್ಲಿಯ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದರೆ ದೇಹ ಇನ್ನೂ ದಮ್ಮಾಮ್‌ನಲ್ಲೇ ಇರುತ್ತದೆ. ಮಧ್ಯಾಹ್ನದ ಕೈಲೂಲಾ ಅರ್ಧ ಗಂಟೆ ಮೀರಬಾರದು. ಅಸರ್ ನಂತರ ಚಹಾ ಬೇಡ. ಮಲಗುವ ಮುನ್ನ ಪಾದಗಳನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ತಲೆಗೆ ಸ್ವಲ್ಪ ಬಾದಾಮಿ ಎಣ್ಣೆ ತಿಕ್ಕಿಸಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಬೇಕು.

ಊಟ ಸೇರದಿದ್ದರೆ ತಲ್ಬೀನಾ ಮಾಡಿ. ಮನೆಯಲ್ಲಿ ಮರಣವಾದಾಗ ಬಂದವರೆಲ್ಲ ಹೋದ ಮೇಲೆ ಹ. ಆಯಿಶಾ(ರ) ಇದನ್ನು ಮಾಡಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ದುಃಖವನ್ನು ‘ಸ್ವಲ್ಪ’ ತಗ್ಗಿಸುತ್ತದೆ ಎಂಬ ಅರ್ಥದ ಮಾತು ಅಲ್ಲಿರುವುದು, ಪೂರ್ತಿ ಎಂದಲ್ಲ. ಎರಡು ದೊಡ್ಡ ಚಮಚ ಬಾರ್ಲಿ ಹಿಟ್ಟನ್ನು ಒಂದೂವರೆ ಲೋಟ ನೀರಿನಲ್ಲಿ ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ತಿರುವುತ್ತಾ ಬೇಯಿಸಿ. ಅರ್ಧ ಲೋಟ ಹಾಲು ಸೇರಿಸಿ ಇಳಿಸಿ. ಬಿಸಿ ಆರಿದ ಮೇಲೆ ಒಂದು ಚಮಚ ಜೇನು. ಸಕ್ಕರೆ ಕಾಯಿಲೆಯವರಿಗೆ ಜೇನು ಬೇಡ, ಚಿಟಿಕೆ ಏಲಕ್ಕಿ ಸಾಕು. ಹೊಟ್ಟೆಗೆ ಹಗುರ, ನಾಲ್ಕು ದಿನ ಅನ್ನ ಮುಟ್ಟದವರೂ ಕುಡಿಯುತ್ತಾರೆ.

ಹೃದಯ, ಮನಸ್ಸಿಗೆ ಉಲ್ಲಾಸ ಕೊಡುವ ‘ಮುಫರ್ರಿಹ್’ ಔಷಧಿಗಳು ಯುನಾನಿಯಲ್ಲಿವೆ. ಖಮೀರಾ ಗಾವ್‌ಝಬಾನ್, ಖಮೀರಾ ಅಬ್ರೇಶಂ ಹೆಸರು ಕೇಳಿರುತ್ತೀರಿ. ನಾನೂ ಬರೆಯುತ್ತೇನೆ. ಆದರೆ ಖಮೀರಾದಲ್ಲಿ ಸಕ್ಕರೆ ಪಾಕ ಬಹಳ ಇರುತ್ತದೆ, ಅಂಗಡಿಯಿಂದ ನೀವೇ ತಂದು ತಿನ್ನಬೇಡಿ. ಅದಕ್ಕಿಂತ ಕೆಟ್ಟದ್ದು, ಅಕ್ಕನ ಮನೆಯಲ್ಲಿ ಉಳಿದ ನಿದ್ದೆ ಮಾತ್ರೆ ತರಿಸಿ ನುಂಗುವುದು. ಅವು ಕೆಲವೇ ವಾರಗಳಲ್ಲಿ ರೂಢಿಯಾಗುತ್ತವೆ.

ಹಣದ ವಿಷಯ ವೈದ್ಯರಿಗೇಕೆ ಎನ್ನಬೇಡಿ, ನಿದ್ದೆ ಕೆಡಿಸುವುದೇ ಅದು. ಕಂಪನಿಯಿಂದ ಬಂದ ಕೊನೆಯ ಹಣವನ್ನು ಮೊದಲ ಆರು ತಿಂಗಳು ಯಾವ ಭಾವನ ಹೋಟೆಲಿಗೂ ಯಾವ ಗೆಳೆಯನ ಲೇಔಟಿಗೂ ಹಾಕಬೇಡಿ. ತೀರಿಕೊಂಡವರ ಆಸ್ತಿ ಪಾಲಿನ ಮಾತು ಬಂದರೆ ತಿಳಿದವರನ್ನು ಕೂರಿಸಿಕೊಂಡು ಮಾಡಿ. ಮಾತ್ರೆಗೆ ತಿಂಗಳ ಖರ್ಚು ಎಷ್ಟೆಂದು ಮೊದಲೇ ತೆಗೆದಿಡಿ. ಅಲ್ಲಿಯ ಮಾತ್ರೆಯ ಹೆಸರು ಇಲ್ಲಿ ಬೇರೆ ಇರಬಹುದು. ಖಾಲಿ ಸ್ಟ್ರಿಪ್ ಎಸೆಯದೆ ಡಾಕ್ಟರರಿಗೆ ತೋರಿಸಿ.

ಯಾವಾಗ ಇದು ಸಾಮಾನ್ಯ ದುಃಖವಲ್ಲ? 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ದೀರ್ಘಕಾಲದ ಶೋಕ’ ಒಂದು ಕಾಯಿಲೆಯಾಗಿ ಸೇರಿದೆ. ಆರು ತಿಂಗಳು ಕಳೆದರೂ, ಆ ಸಮಾಜದ ರೂಢಿಗೆ ಮೀರಿ, ಹಗಲಿರುಳು ತೀರಿಕೊಂಡವರದ್ದೇ ಹಂಬಲವಾಗಿ ಕೆಲಸ, ಮನೆ ಎರಡೂ ನಡೆಯದಂತಾದರೆ ಚಿಕಿತ್ಸೆ ಬೇಕು. “ಅಲ್ಲಾಹ್ ನನ್ನನ್ನೂ ಕರೆಸಿಕೊಳ್ಳಲಿ” ಎಂದು ದುಃಖದಲ್ಲಿ ಎಷ್ಟೋ ಮಂದಿ ಹೇಳುತ್ತಾರೆ. ಆದರೆ ಪದೇಪದೇ ಹೇಳಿದರೆ, ಸಾಲದ ಲೆಕ್ಕ ಬರೆದಿಟ್ಟರೆ, ಮಕ್ಕಳನ್ನು ಯಾರಿಗಾದರೂ ಒಪ್ಪಿಸುವ ಮಾತಾಡಿದರೆ ಆರು ತಿಂಗಳು ಕಾಯಬೇಡಿ, ಅಂದೇ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲು ಮನಸ್ಸಿಲ್ಲದಿದ್ದರೂ ಕರೆ ಮಾಡಬಹುದು.

ಬಂಟ್ವಾಳದವರನ್ನು ನಾನು ಮೊದಲು ಕಳಿಸಿದ್ದು ಫಿಸಿಶಿಯನ್ ಬಳಿಗೆ, ಬಿಪಿ ಮಾತ್ರೆ ಮತ್ತೆ ಶುರುಮಾಡಿಸಲು. ನನ್ನ ಮದ್ದು ಆಮೇಲೆ. ಹೆಂಡತಿಗೆ ಒಂದು ಕೆಲಸ ಹೇಳಿದ್ದೆ: ಮುಂದೇನು ಎಂದು ಕೇಳುವುದನ್ನು ನಿಲ್ಲಿಸಿ, ದಮ್ಮಾಮ್‌ನ ಕೆಲಸ ಹೇಗಿತ್ತು ಎಂದು ಕೇಳಿ. 21 ವರ್ಷದಲ್ಲಿ ಆಕೆ ಆ ಗೋದಾಮಿನ ಬಗ್ಗೆ ಕೇಳಿಯೇ ಇರಲಿಲ್ಲ. ನಾಲ್ಕನೇ ಸಲ ಬಂದಾಗ ಬಿಪಿ 138/86 ಇತ್ತು, ತೂಕ ಎರಡು ಕಿಲೋ ಏರಿತ್ತು. ಉಮ್ಮನ ಕಬರಿನ ಬಳಿ ಹೋಗಿ ಬಂದೆ, ಇಷ್ಟು ದಿನ ಹೋಗಲು ಕಾಲು ಬಂದಿರಲಿಲ್ಲ ಎಂದರು. ಅಡಿಕೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಲೆಕ್ಕ ನೋಡಿಕೊಳ್ಳಲು ಕರೆ ಬಂದಿದೆಯಂತೆ, ಸಂಬಳ ಅಲ್ಲಿಯದರ ಕಾಲು ಭಾಗವೂ ಇಲ್ಲ. ಹೋಗಬಹುದಾ ಎಂದು ನನ್ನನ್ನು ಕೇಳಿದರು. ಮೊದಲು ಅರ್ಧ ದಿನಕ್ಕೆ ಹೋಗಿ ನೋಡಿ ಎಂದೆ.